ಪಂಚಮಿಗೆ ಅಕ್ಕ ಬಂದ ದೋಣಿ

ಮೊಮ್ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ ನಮ್ಮೂರ ಹತ್ತಿರ ಕೃಷ್ಣಾ ಹೊಳೆಗೆ ಸೇತುವೆ ಇರಲಿಲ್ಲ. ಈ ದಂಡೆಯಲ್ಲಿ ರಾಯಬಾಗ ತಾಲೂಕಿನ ನಮ್ಮ ಊರು, ಆ ದಂಡೆಯಲ್ಲಿ ಅಥಣಿ ಕಡೆಯ ಅಕ್ಕನ ಗಂಡನ ಊರು. ನಡುವೆ ಒಂದು ದೋಣಿ. ಅವ್ವ ನನಗೆ ನೆನಪು ಮೂಡುವ ಮೊದಲೇ ತೀರಿಕೊಂಡಿದ್ದಳು. ನನಗೆ ಹೆರಳು ಹಾಕಿದವಳು, ತುತ್ತು ಉಣಿಸಿದವಳು ಅಕ್ಕನೇ. ಅವಳ ಮದುವೆಯಾದ ಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ಅಪ್ಪ. ಅಪ್ಪ ರಾಯಬಾಗದ ಕೋರ್ಟಿನಲ್ಲಿ ವಕೀಲ. ಬೆಳಿಗ್ಗೆ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ.

ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ನಮ್ಮ ಕಡೆಯ ರೂಢಿ. ಬಂದವರು ಹುಣ್ಣಿಮೆ ದಾಟುವ ತನಕ ಹೋಗುತ್ತಿರಲಿಲ್ಲ. ಆ ಶ್ರಾವಣದಲ್ಲಿ ಅಪ್ಪ ನನ್ನನ್ನೂ ಕರೆದುಕೊಂಡು ಅಕ್ಕನ ಊರಿಗೆ ಹೋದ. ಮರಳುವಾಗ ದೋಣಿಯ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು. ಹೊಳೆ ಕೆಂಪಗೆ ತುಂಬಿತ್ತು, ಕಬ್ಬಿನ ಒಣಗರಿಯ ರವದಿ ತೇಲಿ ಬರುತ್ತಿತ್ತು. ಮಲ್ಲಿಗೆಯ ವಾಸನೆ, ಒದ್ದೆ ಹಗ್ಗದ ವಾಸನೆ. ಅಕ್ಕ ನಾನು ಒಯ್ದಿದ್ದ ಶೇಂಗಾ ಉಂಡಿಯ ಡಬ್ಬಿ ತೆರೆದು, "ಎಲ್ಲಾ ನೀನ ತಿಂದು ನನಗ ಬರೇ ಡಬ್ಬಿ ತಂದೀ ಏನಬೇ" ಎಂದು ಗಲ್ಲ ಹಿಂಡಿದಳು.

ನಡುಹೊಳೆಯಲ್ಲಿ ಹೊಳೆವ್ವನಿಗೆ ಉಡಿ ತುಂಬದೆ ಯಾರೂ ತವರಿನ ದಂಡೆ ಹತ್ತುತ್ತಿರಲಿಲ್ಲ. ಹಸಿರು ಕುಬಸದ ಬಟ್ಟೆ, ಅರಿಶಿನ, ಕೊಬ್ಬರಿ ಬಟ್ಟಲು ನೀರಿಗೆ ಬಿಡಬೇಕು. ಒಬ್ಬೊಬ್ಬರೇ ಕುಳಿತಲ್ಲಿಂದ ಬಿಡುವುದು ಕ್ರಮ. ಅಂದು ಸೆಳವು ಜೋರಾಗಿತ್ತು, ಬೇಗ ಮುಗಿಸಬೇಕೆಂದು ಅಂಬಿಗಜ್ಜ ಅವಸರ ಮಾಡಿದ. ಅಷ್ಟಕ್ಕೇ ಎಲ್ಲರೂ ಒಮ್ಮೆಲೇ ಎದ್ದು ಒಂದೇ ಬದಿಗೆ ಬಾಗಿದರು.

"ಕುಂದರ್ರಿ ಬೇ, ಹೊಳೆವ್ವ ಎಲ್ಲಿ ಓಡಿ ಹೊಂಟಾಳ" ಎಂದು ಅವನು ಕೂಗುವಷ್ಟರಲ್ಲಿ ದೋಣಿ ವಾಲಿತು. ತಣ್ಣನೆಯ ನೀರು ನನ್ನ ಮಡಿಲಿಗೆ ಬಂತು. ದೋಣಿ ಮತ್ತೆ ನೆಟ್ಟಗಾದಾಗ ನನ್ನ ಪಕ್ಕದಲ್ಲಿ ಅಕ್ಕ ಇರಲಿಲ್ಲ. ಉಡಿಗೆಂದು ಅವಳು ಹಿಡಿದಿದ್ದ ಹಸಿರು ಕುಬಸದ ಬಟ್ಟೆಯೊಂದೇ ನೀರಿನ ಮೇಲಿತ್ತು. ಅಪ್ಪ ಬೋರಲು ಮಲಗಿ ಅಂಬಿಗಜ್ಜನ ಗಳ ಚಾಚಿದ. ರವದಿಯ ನಡುವೆ ಒಂದು ಕೈ ಕಂಡಿತು, ಮುಳುಗಿತು, ಮತ್ತೆ ಕಂಡು ಗಳ ಹಿಡಿಯಿತು. ಇಬ್ಬರೂ ಸೇರಿ ಅವಳನ್ನು ಮೇಲೆಳೆದುಕೊಂಡರು.

ಮುಂದೆ ಕಾಲೇಜಿನಲ್ಲಿ ಓದುವಾಗ, ದೋಣಿ ಏಕೆ ವಾಲಿತೆಂದು ಕಾಗದದ ಮೇಲೆ ಬಿಡಿಸಿ ಅರ್ಥ ಮಾಡಿಕೊಂಡೆ. ಅರ್ಥವಾದ ಮೇಲೂ ನನ್ನ ನಿದ್ದೆಯಲ್ಲಿ ಅದು ವಾಲುತ್ತಲೇ ಇದೆ.

ಮರುವರ್ಷ ಕರೆಯಲು ಹೋದಾಗ ಅಕ್ಕನ ಅತ್ತೆ ಬಾಗಿಲಲ್ಲೇ ನಿಂತು, "ಬೀಗರ, ಸಿಟ್ಟಾಗಬ್ಯಾಡ್ರಿ. ಹೊಳಿಗೆ ಪೂಲು ಆಗ್ಲಿ, ಆಮ್ಯಾಲ ಕಳಸ್ತೀವಿ" ಎಂದಳು. ಅಪ್ಪ ಅವಳೊಡನೆ ವಾದ ಮಾಡಲಿಲ್ಲ. ಆ ವಾರದಿಂದಲೇ ದಂಡೆಯ ಊರೂರು ತಿರುಗಿ ಸೇತುವೆಗಾಗಿ ಜನರನ್ನು ಕೂಡಿಸತೊಡಗಿದ. ಅರ್ಜಿಗೆ ಯಾರೂ ಕಿವಿಗೊಡದಿದ್ದಾಗ ತಾನೇ ಚುನಾವಣೆಗೆ ನಿಂತ. ಗುಡಿಗೆ ಸಭಾಭವನ ಬೇಕೆಂದವರಿಗೆ, ಮೊದಲು ಸೇತುವೆ, ಆಮೇಲೆ ದಂಡೆಯ ಊರುಗಳಿಗೆ ದವಾಖಾನೆ, ಉಳಿದದ್ದು ನಂತರ ಎನ್ನುತ್ತಿದ್ದ. ಒಂದು ಕಟ್ಟೆಯ ಮೇಲೆ ಯಾರೋ, ವಕೀಲ ಮಗಳ ಸಲುವಾಗಿ ಪೂಲು ಕೇಳಾಕತ್ತಾನ ಎಂದು ಚುಚ್ಚಿದರು.

"ಹೌದ್ರಿ, ಮಗಳ ಸಲುವಾಗೇ. ನಿಮ್ಮನ್ಯಾಗ ಹೆಣ್ಣಮಕ್ಕಳಿಲ್ಲೇನ್ರಿ?" ಎಂದ ಅಪ್ಪ.

ಅಪ್ಪ ಶಾಸಕನಾದ. ಮನೆಯ ಪಡಸಾಲೆಯಲ್ಲಿ ಸದಾ ಜನ, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಅವರೆಲ್ಲ ಅಪ್ಪನನ್ನು ಕೇಳಿಕೊಂಡು ಬಂದವರು. ಅಪ್ಪ ಮಾತ್ರ ಬೆಂಗಳೂರಿನಲ್ಲೋ ಕುಡಚಿಯ ರೈಲಿನಲ್ಲೋ ಇರುತ್ತಿದ್ದ. ಪಂಚಮಿಯ ದಿನ ನಾನೊಬ್ಬಳೇ ಜೋಕಾಲಿಯಲ್ಲಿ ಕೂತು, ಕಾಲಿನಿಂದ ನೆಲ ಒದ್ದು ನನ್ನನ್ನು ನಾನೇ ತೂಗಿಕೊಳ್ಳುತ್ತಿದ್ದೆ.

ಸೇತುವೆಯಾಗುವ ಹೊತ್ತಿಗೆ ನಾನು ಸೀರೆ ಉಡುತ್ತಿದ್ದೆ. ಆ ಪಂಚಮಿಗೆ ಅಕ್ಕ ತನ್ನ ಮಕ್ಕಳೊಂದಿಗೆ ಟ್ರ್ಯಾಕ್ಟರಿನಲ್ಲಿ ಬಂದಳು. ಹುಣ್ಣಿಮೆಯ ತನಕ ಇರುತ್ತಾಳೆಂದು ನಾನು ಅವಳ ಹಾಸಿಗೆಯನ್ನು ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದೆ. ಹೊತ್ತು ಇಳಿಯುತ್ತಲೇ ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು. "ಎಮ್ಮಿ ಹಿಂಡಬೇಕ ತಂಗಿ. ಈಗ ಪೂಲು ಐತೆಲ್ಲ, ಯಾವಾಗ ಬೇಕಾದ್ರೂ ಬರಬಹುದು." ಅಪ್ಪ ಅಂಗಳದಲ್ಲಿ ನಿಂತು, ಟ್ರ್ಯಾಕ್ಟರಿನ ಸದ್ದು ಅಡಗುವ ತನಕ ಒಳಗೆ ಬರಲಿಲ್ಲ.

ನೀವು ಬರುವುದೂ ಅದೇ ಸೇತುವೆಯ ಮೇಲೆ. ಒಂದು ಹಾಡು ಮುಗಿಯುವುದರೊಳಗೆ ದಾಟಿಬಿಡುತ್ತೀರಿ. ಈ ಸಲವಂತೂ ಕಾರಿನಿಂದ ಇಳಿದು, "ಆಯಿ, ಹೊಳಿ ಎಲ್ಲಿ ಬಂದಿತ್ತು?" ಎಂದು ಕೇಳಿದಿರಿ. ನೀವು ಹಾಗೆ ಕೇಳುವಂತಾಗಲಿ ಎಂದೇ ಅಪ್ಪ ಅಷ್ಟು ತಿರುಗಿದ್ದ. ನಮ್ಮ ಕಾಲದಲ್ಲಿ ಹೊಳೆ ಏರಿದರೆ ಬಂದವರು ಹೋಗಲಾರದೆ ನಮ್ಮಲ್ಲೇ ಉಳಿಯುತ್ತಿದ್ದರು. ನೀವು ಬಂದಾಗ ಹೊಳೆ ಎಷ್ಟೇ ಏರಿರಲಿ, ಸಂಜೆಗೆ ನಿಮ್ಮ ಕಾರು ಹೊರಟುಬಿಡುತ್ತದೆ. ಆಚೆ ದಂಡೆ ಮುಟ್ಟಿದಿರೆಂದು ನಿಮ್ಮ ಫೋನು ಬರುವ ತನಕ ನಾನು ಕೂರುವುದಿಲ್ಲ.