ಉಪ್ಪು ತಗೊಳ್ಳದ ಅಜ್ಜಿ

ಕೋಥರೂಡದ ಮೇಡಂ ಒಬ್ಬರು ಕಂಪ್ಯೂಟರಿನಲ್ಲಿ ಕನ್ನಡದ ಆಟ ಕಟ್ಟುತ್ತಿದ್ದರು. ಅದರಲ್ಲಿ ಚಿತ್ರವಿಲ್ಲ, ಬರೀ ಮಾತು. ನಾವು 'ಬಾಗಿಲು ತೆಗೆ' ಎಂದು ಬರೆದರೆ ಬಾಗಿಲು ತೆರೆಯುತ್ತದೆ. ಹಾಗೆ ಬರೆದು ಬರೆದು ಆಟದ ತಪ್ಪು ಹುಡುಕುವುದು ನನ್ನ ಕೆಲಸ. ಒಂದು ವಾರ ನೋಡಿ ಕಾಯಂ ಮಾಡುತ್ತೇನೆ ಎಂದಿದ್ದರು. ಹತ್ತನೇ ತನಕ ಓದಿದವಳಿಗೆ, ಮಗಳನ್ನು ಬಾಲವಾಡಿಗೆ ಬಿಟ್ಟು ಕೂತು ಮಾಡುವಂಥ ಕೆಲಸ ಬೇರೆ ಎಲ್ಲಿ ಸಿಗಬೇಕು?

ನಾಲ್ಕನೇ ದಿನ ಆಟದ ಅಡುಗೆಮನೆಯಲ್ಲಿ ಸಿಕ್ಕಿಬಿದ್ದೆ. ಉಪ್ಪು ಮುಟ್ಟಿಸಿದರೆ ಅಜ್ಜಿ ಕೀಲಿಕೈ ಕೊಡಬೇಕು. ನಾನು ಎಷ್ಟು ಸಲ ಒಯ್ದರೂ ಅವಳು 'ಉಪ್ಪು ಎಲ್ಲಿ?' ಎಂದೇ ಕೇಳುತ್ತಿದ್ದಳು. 'ಕೊಡು' ಎಂಬ ಆಜ್ಞೆಯ ನಿಯಮಗಳನ್ನೆಲ್ಲ ಮೇಡಂ ಎರಡು ದಿನ ಬಿಚ್ಚಿ ನೋಡಿದರು. ತಪ್ಪು ಸಿಗಲಿಲ್ಲ. ಕೊನೆಗೆ ನಾನು ಬರೆದದ್ದನ್ನು ತೆಗೆದು ಓದಿದರು.

"ನೀವು 'ಕೊಡು' ಅಂತ ಒಮ್ಮೆನೂ ಬರದಿಲ್ಲಲ್ರಿ. ಬರೇ 'ಉಪ್ಪು ಅಜ್ಜಿ ಮುಂದ ಇಡು' ಅಂತ ಬರದೀರಿ."

"ಮತ್ತ? ಉಪ್ಪು ಕೈಯಾಗ ಕೊಡ್ತಾರೇನ್ರಿ? ಜಗಳ ಆಗ್ತದ. ನಾವು ಇಡಬೇಕು, ಅಕಿ ತಗೋಬೇಕು. ನಿಮ್ಮ ಅಜ್ಜಿಗೆ ಇಷ್ಟೂ ಗೊತ್ತಿಲ್ಲೇನು?"

ಬಾಯಿಗೆ ಬಂದದ್ದು ಆಡಿದ ಮೇಲೆ, ಕೆಲಸ ಹೋಯಿತು ಅಂದುಕೊಂಡೆ. ಮೇಡಂ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡರು. "ನಮ್ಮ ಅವ್ವನೂ ಹಂಗ ಇಡ್ತಿದ್ಲು. ನಾನು ಮರತೇಬಿಟ್ಟಿದ್ದೆ," ಎಂದು 'ಇಡು' ಎಂದರೂ ಅಜ್ಜಿ ಎತ್ತಿಕೊಳ್ಳುವಂತೆ ಮಾಡಿದರು. "ಕೈಯಾಗ ಕೊಟ್ರ ಏನಾಗಬೇಕ್ರಿ?" ಎಂದೂ ಕೇಳಿದರು. ಜಗಳ ಆಗಬೇಕು ಎಂದೆ.

ಈಗ ನಾನು ಕಾಯಂ. ಅಜ್ಜಿ ಸುಮ್ಮಸುಮ್ಮನೆ ಬೈಯುತ್ತಾಳೆ ಎಂದು ಆಡುವವರು ದೂರು ಬರೆಯುತ್ತಾರೆ. ಅದಕ್ಕೆ ಉತ್ತರ ಬರೆಯುವುದೂ ನನ್ನ ಕೆಲಸವೇ. ಆ ಬೈಗುಳಗಳನ್ನು ಬರೆದುಕೊಟ್ಟವಳೂ ನಾನೇ ಎಂದು ಮಾತ್ರ ಹೇಳುವುದಿಲ್ಲ.