ನಿಂತು ಓದುವ ಪುಸ್ತಕ, ಕುಂತು ಓದುವ ಪುಸ್ತಕ

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯಿಂದ ಜೀರಿಗೆ, ಹಸಿಮೆಣಸಿನಕಾಯಿ ಹಾಕಿ ಕುದಿಸಿದ ಅಕ್ಕಿಹಿಟ್ಟಿನ ವಾಸನೆ ಬಂತು. ಸಂಡಿಗೆಯ ಕಾಲ. ನಾನಾಗ ಸೊಂಟದ ಮೇಲೆ ಕೈಯಿಟ್ಟು ಪುಸ್ತಕದ ಕಪಾಟಿನ ಮುಂದೆ ನಿಂತಿದ್ದೆ. ಈ ಬೇಸಿಗೆಯಲ್ಲಿ ಒಂದು ಪುಸ್ತಕವನ್ನಾದರೂ ಓದಿ ಮುಗಿಸುತ್ತೇನೆಂದು ಬೆಳಗಾವಿಗೆಲ್ಲ ಸಾರಿ, ಆಫೀಸಿಗೆ ರಜೆ ಹಾಕಿದ್ದೆ. ಎಷ್ಟೋ ವರ್ಷಗಳಿಂದ ಒಂದನ್ನೂ ಮುಗಿಸಿಲ್ಲ. ಹೀಗೇ ಹೋದರೆ ಓದುವವಳೆಂಬ ಹೆಸರು ಮಾತ್ರ ಉಳಿದು ಓದು ಹೋಗಿಬಿಡುತ್ತದೆಂಬ ಭಯ ನನಗೆ ನಿಜವಾಗಿಯೂ ಇತ್ತು. ಆದರೆ ರಜೆ ಆರಿಸುವುದರಲ್ಲೇ ಕರಗುತ್ತಿತ್ತು. ಸೀರೆ ಅಂಗಡಿಯಲ್ಲಿ ಎಲ್ಲವನ್ನೂ ಬಿಚ್ಚಿಸಿ ಒಂದನ್ನೂ ಕೊಳ್ಳದವರನ್ನು ನೀವು ನೋಡಿರಬೇಕು. ನಾನು ಅದೇ ಜಾತಿ.

ಆ ವಾಸನೆಗೆ ಖಾನಾಪುರದ ಕಾಕು, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ನೆನಪಾದಳು. ಬೇಸಿಗೆ ರಜೆಗೆ ಅಲ್ಲಿಗೆ ಹೋದರೆ, ಮನೆಯ ಮೇಲಿನ ಗಚ್ಚಿಯಲ್ಲಿ ಹಳೆ ಸೀರೆ ಹಾಸಿ ಒಣಹಾಕಿದ ಸಂಡಿಗೆಯನ್ನು ಕಾಗೆಗಳಿಂದ ಕಾಯುವುದು ನನ್ನ ಪಾಲಿನ ಕೆಲಸ. ಕಾಯುತ್ತ ಓದಬಹುದಿತ್ತು; ಪುಸ್ತಕ ಆರಿಸುವವಳು ಮಾತ್ರ ಕಾಕು. ಕನ್ನಡ, ಮರಾಠಿ ಎರಡೂ ತುಂಬಿದ್ದ ಟ್ರಂಕಿನಿಂದ ಒಂದನ್ನು ತೆಗೆದು, ನಡುವೆ ಎಲ್ಲೋ ಬಿಡಿಸಿ, ನಿಂತುಕೊಂಡೇ ಓದುತ್ತಿದ್ದಳು. ಪುಟ ಮುಗಿದರೂ ನಿಂತೇ ಇದ್ದಳೆಂದರೆ ಪುಸ್ತಕ ನನ್ನ ಕೈಗೆ. ಓದುತ್ತ ಓದುತ್ತ ಕುಳಿತುಬಿಟ್ಟಳೋ, ಅದು ಟ್ರಂಕಿಗೆ ವಾಪಸ್.

“ನಿಂತು ಓದಾಕ ಬರೂ ಪುಸ್ತಕ ಕಾಗಿ ಕಾಯಾಕ ಚಲೋ,” ಎನ್ನುತ್ತಿದ್ದಳು. “ಕುಂದರಸೂ ಪುಸ್ತಕ ಕೈಯಾಗ ಇದ್ರ ಕಾಗಿ ಅಲ್ಲ, ಆನಿ ಬಂದ್ರೂ ನಿನಗ ಗೊತ್ತಾಗಂಗಿಲ್ಲ.”

ಹಾಗಾಗಿ ನನ್ನ ಬೇಸಿಗೆಗಳೆಲ್ಲ ಉಪದೇಶದ ಪುಸ್ತಕಗಳಲ್ಲಿ ಕಳೆದವು. ಸಾಲಿಗೊಮ್ಮೆ ಆಕಳಿಸಿ ತಲೆಯೆತ್ತುತ್ತಿದ್ದೆ. ಸದ್ಗುಣಗಳ ಬಗ್ಗೆ ನನ್ನಷ್ಟು ಓದಿದವರು ತಾಲೂಕಿನಲ್ಲೇ ಇರಲಿಕ್ಕಿಲ್ಲ. ಪರಿಣಾಮ ಏನೂ ಆಗಲಿಲ್ಲ, ಬಿಡಿ.

ಕಾಕುವಿನ ಮಗಳು ಸುಮಕ್ಕನಿಗೆ ನಂದಗಡದ ಗಂಡು ಗೊತ್ತಾದ ವರ್ಷ ಮಾತ್ರ ಬೇರೆಯಾಯಿತು. ಮದುವೆಯಲ್ಲಿ ಹೆಣ್ಣಿನವರು ತಾವೇ ಮಾಡಿದ ತಿಂಡಿಗಳನ್ನು ಬೀಗರ ಮುಂದೆ ಜೋಡಿಸಿಡುವ ರುಖವತಕ್ಕೆಂದು ಕಾಕು ಬಣ್ಣಬಣ್ಣದ ಸಂಡಿಗೆ ಹಾಕಿದ್ದಳು. ಅದರಲ್ಲಿ ಮನೆಯ ಮಾನವೇ ಇತ್ತು. ಅಂದು ಮಧ್ಯಾಹ್ನ ನನ್ನ ಪುಸ್ತಕ ಮುಗಿಯಿತೆಂದು ಇನ್ನೊಂದನ್ನು ಹಿಡಿದು ತಾನೇ ಗಚ್ಚಿಗೆ ಬಂದಳು. ರಟ್ಟು ಹರಿದ ಪತ್ತೇದಾರಿ ಕಾದಂಬರಿ. ಬಿಡಿಸಿದಳು. ಗೋಡೆಗೆ ಒರಗಿದಳು. ಆಮೇಲೆ ಮೆಟ್ಟಿಲ ಮೇಲೆ ಕುಳಿತಳು. ನಾನೂ ಪಕ್ಕದಲ್ಲಿ ಕುಳಿತು ಅವಳ ಹೆಗಲ ಮೇಲಿಂದ ಓದತೊಡಗಿದೆ.

“ಅವ್ವಾ, ಸಂಡಗಿ ಎಲ್ಲೆದಾವು?” ಎಂದು ಸುಮಕ್ಕ ಕೇಳಿದಾಗ ಸೀರೆಯ ಮೇಲೆ ಚೂರುಗಳೂ ಕಾಗೆಗಳೂ ಮಾತ್ರ ಇದ್ದವು. ಸುಮಕ್ಕನ ಕಣ್ಣುಗಳು ತುಂಬಿ ಬಂದವು. ಬೈಗುಳ ನನ್ನ ತಲೆಗೇ ಎಂದು ನಾನು ಮುದುಡಿಕೊಂಡೆ. ಕಾಕು ಸೀರೆಯ ಕಡೆ ನೋಡಿದಳು, ಪುಸ್ತಕದ ಕಡೆ ನೋಡಿದಳು.

“ತಿಂದ್ವು, ತಿನ್ನಲಿ. ನಾಳಿ ಮತ್ತ ಹಿಟ್ಟು ಕುದಸೂಣು. ಬಿಸಲೇನು ಓಡಿ ಹೋಗಂಗಿಲ್ಲ,” ಎಂದು ಮಗಳಿಗೆ ಹೇಳಿ, ನನ್ನ ಕಡೆ ತಿರುಗಿದಳು. “ನಿಂದು ಓದೂದಾತೇನ? ಹಾಳಿ ತಿರುವಲಿ?”

ಆ ಸಮಾಧಾನ ನನಗೆ ಈಗಲೂ ಅಚ್ಚರಿ. ಎರಡನೆಯ ಸಲದ ಸಂಡಿಗೆ ಹೂವಿನ ಹಾಗೆ ಅರಳಿತೆಂದು ಬೀಗರೇ ಹೊಗಳಿದರು.

ಕಪಾಟಿನ ಮುಂದೆ ನಿಂತ ನನ್ನ ಮನಸ್ಸು ಇನ್ನೂ ಖಾನಾಪುರದಲ್ಲೇ ಇತ್ತು, ಅಷ್ಟರಲ್ಲಿ ಪಕ್ಕದ ಮನೆಯ ವೈನಿ, ಅಂದರೆ ನಾನು ಅತ್ತಿಗೆಯೆಂದು ಕರೆಯುವ ನೆರೆಯಾಕೆ, ಬಾಗಿಲು ತಟ್ಟಿದರು. “ಪ್ಯಾಟಿಗಿ ಹೋಗಿ ಬರ್ತೀನ್ರಿ. ಗಚ್ಚಿ ಮ್ಯಾಲ ಸಂಡಗಿ ಹಾಕೀನಿ, ಒಂದೀಟು ಲಕ್ಷ್ಯ ಇಡ್ರಿ. ಹೆಂಗೂ ರಜಾದಾಗ ಅದೀರಿ.”

ಕೈಗೆ ಸಿಕ್ಕ ಪುಸ್ತಕಗಳನ್ನು ಎದೆಗವಚಿಕೊಂಡು ಮೇಲೆ ಹೋದೆ. ಬೇಕೆಂದೇ ಕುರ್ಚಿ ಒಯ್ಯಲಿಲ್ಲ. ಎಲ್ಲರೂ ಹೊಗಳುವ ದಪ್ಪ ಪುಸ್ತಕವನ್ನು ನಿಂತೇ ಓದಿದೆ. ಪುಟ ಮುಗಿಯುವುದರೊಳಗೆ ಊರಿನ ಕಾಗೆಗಳೆಲ್ಲ ಪರಿಚಯವಾದವು. ಎರಡನೆಯದೂ ಕಾವಲಿಗೆ ಉತ್ತಮವಾಗಿತ್ತು. ಮೂರನೆಯದು ಹಳೆ ಪುಸ್ತಕದ ರಾಶಿಯಿಂದ ತಂದು ಮರೆತಿದ್ದ ಒಂದು ಮರಾಠಿ ಕಾದಂಬರಿ. ಮಾತಾಡುವಷ್ಟು ಸರಾಗವಾಗಿ ನನಗೆ ಮರಾಠಿ ಓದಲು ಬರುವುದಿಲ್ಲ. ಅಕ್ಷರ ಕೂಡಿಸಿಕೊಳ್ಳುತ್ತ ಶುರುಮಾಡಿದೆ.

ವೈನಿ ಬಂದು ಎದುರಿಗೆ ನಿಂತಾಗ ನಾನು ನೀರಿನ ಟಾಕಿಗೆ ಒರಗಿ, ಕಾಲು ಚಾಚಿ ಕುಳಿತಿದ್ದೆ. ಅವರು ಸಂಡಿಗೆಯ ಚೂರುಗಳಷ್ಟೇ ಉಳಿದಿದ್ದ ಹಾಸಿದ ಸೀರೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು.

“ನಾಳಿ ನಾನ ಹಿಟ್ಟು ಕುದಿಸಿ ಹಾಕಿ ಕೊಡ್ತೀನ್ರಿ, ವೈನಿ,” ಎಂದೆ. “ಈ ಹಾಳಿ ಒಂದು ಮುಗಸ್ತೀನಿ, ಆಮ್ಯಾಲ ಬೈರಿ.”