ಮುಚ್ಚಳದ ಒಳಮೈ

ಉಳಿ ಮೇಸ್ತ್ರಿ ಎಂಬ ಹೆಸರು ತನ್ನ ಕೈಯಲ್ಲಿರುವ ಉಳಿಯಿಂದ ಬಂದದ್ದು ಎಂದು ಅವನು ತಿಳಿದಿದ್ದ. ಊರಿನವರನ್ನು ಕೇಳಿದರೆ ಅವನ ನಾಲಿಗೆಯಿಂದ ಬಂದದ್ದು ಎನ್ನುತ್ತಿದ್ದರು. ಪಿಯಾನೊಗಳ ಮರದ ಭಾಗ ಸರಿಮಾಡುವುದು ಅವನ ಕಸುಬು. ತಂತಿಗೆ ಬಡಿಯುವ ಸುತ್ತಿಗೆಯ ಸೊಟ್ಟಗಾದ ಕಡ್ಡಿ, ಬೆರಳಿಟ್ಟು ಒತ್ತುವ ಮನೆಗಳು ಒಂದಕ್ಕೊಂದು ಕಚ್ಚಿಕೊಂಡದ್ದು, ಮುಚ್ಚಿದರೆ ತೆರೆಯದ ಹಲಗೆ, ಎಲ್ಲಕ್ಕೂ ಅವನಲ್ಲಿ ಮದ್ದಿತ್ತು. ಮದ್ದಿನ ಜೊತೆ ಮೂದಲಿಕೆ ಪುಕ್ಕಟೆ. "ಮನೆ ಒತ್ತಿದ್ರೆ ಮೇಲೆ ಏಳಲ್ಲ" ಎಂದು ದೂರಿದ ಟೀಚರೊಬ್ಬಳ ಪಿಯಾನೊದ ಎಂಬತ್ತೆಂಟು ಮನೆಗಳನ್ನೂ ಒತ್ತಿ ನೋಡಿ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಚೀಲ ಹೆಗಲಿಗೇರಿಸಿ ಹೊರಟವನು ಅವನು. ಆಕೆ ಇವತ್ತಿಗೂ ಅವನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾಳೆ.

ಆದರೆ ಆ ನಾಲಿಗೆಯ ಏಟು ಎಲ್ಲರಿಗಿಂತ ಹೆಚ್ಚು ತಿಂದವಳು ಅವನ ಒಡಹುಟ್ಟಿದ ತಂಗಿ. ಅಪ್ಪ ಮಗನ ಕೈಗೆ ಕೀಸುಳಿ ಕೊಟ್ಟಿದ್ದ, ಮಗಳ ಕೈಗೆ ಅರಗಿನ ಪಾಲಿಶ್ ಕೊಟ್ಟಿದ್ದ. ಅಣ್ಣ ಕೂಡಿಸಿದ್ದನ್ನು ತಂಗಿ ಹೊಳೆಯಿಸುವುದು. ಇಬ್ಬರಿಗೂ ಸೇರಿಸಿ ಅಪ್ಪ ಕಲಿಸಿದ ಪಾಠ ಒಂದೇ: "ಮರಕ್ಕೆ ಎರಡು ಮೈ. ಒಂದಕ್ಕೆ ಏನು ಕೊಡ್ತೀರೋ ಇನ್ನೊಂದಕ್ಕೂ ಅದನ್ನೇ ಕೊಡಿ. ಇಲ್ಲಾಂದ್ರೆ ಅದು ಮುನಿಸಿಕೊಳ್ಳುತ್ತೆ." ಒಂದು ಮೈಗೆ ಪಾಲಿಶ್ ಬಳಿದು ಇನ್ನೊಂದನ್ನು ಬರಿದೇ ಬಿಟ್ಟರೆ, ಬರಿಮೈ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಹಲಗೆ ಬಾಗುತ್ತದೆ. ಇದು ಅವರ ಮನೆಯಲ್ಲಿ ಅಕ್ಷರಕ್ಕೆ ಮೊದಲು ಕಲಿತ ಮಾತು.

ಅಪ್ಪ ತೀರಿಕೊಂಡ ಮೇಲೂ ಅಣ್ಣ ತಂಗಿ ಒಂದೇ ಕಾರ್ಖಾನೆಯಲ್ಲಿ ದುಡಿದರು. ಹನ್ನೊಂದು ವರ್ಷಗಳ ಹಿಂದೆ ಒಂದು ದಿನ ಜಗಳ ಎದ್ದು, ತಂಗಿ ತನ್ನ ಡಬ್ಬಿಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹೊರಟುಹೋದಳು. ಯಾಕೆ ಜಗಳ ಎಂದು ಕೇಳಿದವರಿಗೆ ಉಳಿ ಮೇಸ್ತ್ರಿ, "ಅವಳಿಗೆ ಕೆಲಸದಲ್ಲಿ ಶ್ರದ್ಧೆ ಇಲ್ಲ" ಎನ್ನುತ್ತಿದ್ದ. ವರ್ಷಗಟ್ಟಲೆ ಹೇಳಿ ಹೇಳಿ ಅವನೂ ಅದನ್ನೇ ನಂಬಿದ್ದ.

ಜಗಳದ ವರ್ಷ ಇಬ್ಬರೂ ಕೈ ಹಾಕಿದ ಕೊನೆಯ ಕೆಲಸ ಸಂಗೀತ ಶಾಲೆಯ ಗ್ರ್ಯಾಂಡ್ ಪಿಯಾನೊದ ಹೊಸ ಮುಚ್ಚಳ. ಸದ್ದು ಹೆಚ್ಚಾಗುತ್ತದೆಂದು ಶಾಲೆಯವರು ಅದನ್ನು ಎತ್ತದೆಯೇ ನುಡಿಸುತ್ತಿದ್ದರು, ಒಳಮೈ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಮೂರು ವರ್ಷದಿಂದ ಅದರ ಮೂಲೆ ಮೇಲೇಳತೊಡಗಿತ್ತು. ಮೊದಲು ಒಂದು ಕೂದಲೆಳೆ, ಆಮೇಲೆ ಒಂದು ಬೆರಳು, ಈಗ ಎರಡು ಬೆರಳು. ಮೇಸ್ತ್ರಿ ಹೋದಲ್ಲೆಲ್ಲ "ತಂಗಿಯ ಪಾಲಿಶ್ ಪ್ರತಾಪ ನೋಡಬೇಕಾ, ಸಂಗೀತ ಶಾಲೆಗೆ ಹೋಗಿ" ಎಂದ. ಜನ ನಂಬಿದರು. ತಂಗಿಗೆ ಪಿಯಾನೊ ಕೆಲಸ ಬರುವುದು ನಿಂತು, ಅವಳು ಬಾಗಿಲು ಕಿಟಕಿಗಳಿಗೆ ಬಣ್ಣ ಬಳಿಯುವ ಹಾಗಾಯಿತು. ಈ ಸುದ್ದಿ ಕಿವಿಗೆ ಬಿದ್ದ ದಿನ ಅವನಿಗೆ ಖುಷಿಯಾಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆ ಮುಚ್ಚಳ ನೋಡಲು ಶಾಲೆಯ ಮುಖ್ಯಸ್ಥೆ ಹೇಳಿಕಳಿಸಿದಾಗ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಅಲ್ಲಿ ಕಿಟಕಿಯ ಪಕ್ಕ ಬಣ್ಣದ ಕಲೆಗಳ ಸೀರೆಯಲ್ಲಿ ತಂಗಿ ನಿಂತಿದ್ದಳು. ಅವಳನ್ನೂ ಕರೆಸಿದ್ದು ಅವನಿಗೆ ಗೊತ್ತಿರಲಿಲ್ಲ.

"ಇಬ್ಬರೂ ಬಂದ್ರಲ್ಲ, ಒಳ್ಳೇದಾಯ್ತು" ಎಂದರು ಮುಖ್ಯಸ್ಥೆ. ಅವರ ದನಿಯಲ್ಲಿ ಒಳ್ಳೆಯದೇನೂ ಇರಲಿಲ್ಲ. "ಆರು ಪಿಯಾನೊ ಇವೆ ನನ್ನ ಹತ್ರ. ಆರನ್ನೂ ನೋಡಿಕೊಳ್ಳೋಕೆ ಒಬ್ಬರು ಸಾಕು. ಈ ಮುಚ್ಚಳ ಹಾಳಾಗಿದ್ದು ಯಾರ ತಪ್ಪೋ ಅವರು ಇನ್ನು ಈ ಶಾಲೆ ಮೆಟ್ಟಿಲು ಹತ್ತೋದು ಬೇಡ."

ಮೇಸ್ತ್ರಿಯ ಮುಕ್ಕಾಲು ಪಾಲು ಕೆಲಸ ಆ ಆರು ಪಿಯಾನೊಗಳದ್ದೇ. ಆದರೂ ಅವನಿಗೆ ಭಯವಾಗಲಿಲ್ಲ. "ತಿರುಗಿಸಿ ನೋಡಿದ್ರೆ ಗೊತ್ತಾಗುತ್ತೆ ಮೇಡಂ" ಎಂದು ಅಪ್ಪನ ಪಾಠವನ್ನು ತನ್ನದೇ ಎಂಬಂತೆ ಒಪ್ಪಿಸಿದ. "ಮರಕ್ಕೆ ಎರಡು ಮೈ. ಹೊರಗೆ ಹೊಳೆಯೋದು ನೋಡಬೇಡಿ. ಒಳಗೆ ಏನು ಬಳಿದಿದ್ದಾಳೆ ನೋಡಿ. ಅಲ್ಲಿ ಕಾಣುತ್ತೆ ಕೈಗುಣ."



ಮೇಸ್ತ್ರಿ ಬಿಜಾಗರಿಯ ಸರಳು ಎಳೆದ. ಇಬ್ಬರು ಜವಾನರು, ಒಬ್ಬ ಕಾವಲುಗಾರ, ಅವನು, ನಾಲ್ವರೂ ಸೇರಿ ಮುಚ್ಚಳ ಎತ್ತಿ, ಮಗುಚಿ, ಕಂಬಳಿ ಹಾಸಿದ ಎರಡು ಮೇಜುಗಳ ಮೇಲೆ ಮಲಗಿಸಿದರು. ಒಳಮೈ ಬೆಳಕಿಗೆ ಬಂತು.

ಬರಿಮೈ. ಎಣ್ಣೆಯಿಲ್ಲ, ಪಾಲಿಶ್ ಇಲ್ಲ. ಒಂದು ಅಂಚಿನಲ್ಲಿ ಮಾತ್ರ ನಾಲ್ಕು ಬೆರಳಗಲ, ಒಂದು ಮೊಳ ಉದ್ದದ ಅರಗಿನ ಪಟ್ಟಿ. ಪಟ್ಟಿ ಸಲೀಸಾಗಿ ಹೊರಟು, ನಡುವೆ ಥಟ್ಟನೆ ನಿಂತು, ಪಕ್ಕಕ್ಕೆ ಗೀಚಿಹೋಗಿತ್ತು.

"ನೋಡಿದ್ರಾ" ಎನ್ನಲು ಹೊರಟಿದ್ದ ಮೇಸ್ತ್ರಿ. ಅಷ್ಟರಲ್ಲಿ ಆ ಗೀಚು ಕಣ್ಣಿಗೆ ಬಿತ್ತು.

ಆ ಮಧ್ಯಾಹ್ನ ಹಾಗೇ ಕಣ್ಣಮುಂದೆ ಬಂತು. ಮೂರು ದಿನ ಕೀಸಿ, ಉಪ್ಪು ಕಾಗದದಲ್ಲಿ ಉಜ್ಜಿ, ಹಲಗೆಗಳ ಕೂಡು ಎಲ್ಲಿದೆ ಎಂದು ಉಗುರಿಗೂ ಸಿಗದ ಹಾಗೆ ಮಾಡಿದ ಮೈ ಅದು. ಕಸುಬಿನವರು ಮುಚ್ಚಳ ಎತ್ತಿ ನೋಡಿದರೆ ಅವನ ಕೈಕೆಲಸ ಕಾಣಬೇಕು, ಇನ್ನೊಬ್ಬರ ಹೊಳಪಲ್ಲ. ಊಟ ಮುಗಿಸಿ ಬಂದಾಗ, ಹೊರಮೈ ಆಗಲೇ ಹೊಳೆಯಿಸಿಟ್ಟಿದ್ದ ತಂಗಿ ಒಳಮೈಯನ್ನು ಅಂಚಿನಿಂದ ಬಳಿಯಲು ಶುರುಮಾಡಿದ್ದಳು. ಅವನು ಅವಳ ಮಣಿಕಟ್ಟು ಹಿಡಿದು ಎಳೆದಿದ್ದ. "ಕೈ ತೆಗಿ. ನನ್ನ ಕೆಲಸದ ಮೇಲೆ ನಿನ್ನ ಕೊಳೆ ಬಳೀಬೇಡ. ನಾಳೆ ನಾನೇ ಎಣ್ಣೆ ಕೊಡ್ತೀನಿ." ತಂಗಿ ಅಪ್ಪನ ಮಾತು ನೆನಪಿಸಿದ್ದಳು. ಅವನು ಡಬ್ಬಿ ಒದ್ದಿದ್ದ. ಅವಳು ಹೋದಳು. ನಾಳೆ ಎಂಬುದು ನಾಳೆಯಾಗಿಯೇ ಉಳಿಯಿತು, ಎಣ್ಣೆಯ ನೆನಪು ಅವನಿಗೆ ಬರಲೇ ಇಲ್ಲ.

ಮುಖ್ಯಸ್ಥೆಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವರು ಬಗ್ಗಿ ನೋಡಿ, ತಂಗಿಯ ಕಡೆ ತಿರುಗಿದರು. "ಅರ್ಧಕ್ಕೇ ಬಿಟ್ಟು ಹೋಗಿದ್ದೀರಲ್ಲಮ್ಮ. ಮೇಸ್ತ್ರಿ ಹೇಳಿದ್ದೇ ಸರಿ. ನೀವಿನ್ನು ಹೊರಡಿ."

ತಂಗಿ ವಾದಿಸಲಿಲ್ಲ. "ಹನ್ನೊಂದು ವರ್ಷ ಹೇಳಿ ಬಾಯಿ ಸೋತಿದೆ ಮೇಡಂ" ಎಂದು ಚೀಲದ ಬಾಯಿ ಕಟ್ಟತೊಡಗಿದಳು.

ಮೇಸ್ತ್ರಿ ಗೆದ್ದಿದ್ದ. ಸುಮ್ಮನಿದ್ದರೆ ಸಾಕಿತ್ತು, ಆರು ಪಿಯಾನೊ ಅವನವೇ. ಅವನು ಆ ಗೀಚನ್ನು ಹೆಬ್ಬೆರಳಿನಿಂದ ಸವರಿದ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಊರ ತುಂಬ ಅವಳ ಮರ್ಯಾದೆ ಕೀಸಿದ್ದು ಇದೇ ಕೈಯ ತಪ್ಪಿಗೆ.

"ಅವಳು ಬಿಟ್ಟಿದ್ದಲ್ಲ" ಎಂದ. ಬೈಯುವಾಗ ಬರುವ ದನಿಯಲ್ಲೇ ಬಂತು ಮಾತು, ಬೇರೆ ದನಿ ಅವನಲ್ಲಿ ಇರಲಿಲ್ಲ. "ನಾನು ಕೈ ಹಿಡಿದು ಎಳೆದೆ. ಬಳೀಬೇಡ ಅಂದವನು ನಾನು. ಎಣ್ಣೆ ಕೊಡ್ತೀನಿ ಅಂದು ಕೊಡದೇ ಇದ್ದವನೂ ನಾನೇ."

ಮುಖ್ಯಸ್ಥೆ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಹಾಗಾದ್ರೆ ಹೊರಡಬೇಕಾದವರು ನೀವು."

"ಮುಚ್ಚಳ ನೇರ ಮಾಡಿ ಹೋಗ್ಲಿ" ಎಂದಳು ತಂಗಿ, ಅವನ ಕಡೆ ನೋಡದೆ. "ಮರ ಬಗ್ಗಿಸೋದು ನನಗೆ ಬರಲ್ಲ. ಮಾಡಿದವನೇ ಸರಿಮಾಡಲಿ."

ಒಂಬತ್ತು ದಿನ ಹಿಡಿಯಿತು. ಮೇಲ್ಮೈಯ ಪಾಲಿಶ್ ಕೆರೆದು, ಒದ್ದೆ ಬಟ್ಟೆ ಹಾಸಿ, ಒಳಮೈಗೆ ಬಿಸಿಗಾಳಿ ಕೊಟ್ಟು, ಎರಡೂ ಬದಿ ದಪ್ಪ ಪಟ್ಟಿ ಇಟ್ಟು ಕ್ಲಾಂಪು ಬಿಗಿದು, ದಿನಕ್ಕೊಂದು ಸುತ್ತು ಹೆಚ್ಚಿಸುತ್ತ ಹೋದ. ತಂಗಿ ದಿನಾ ಬಂದು, ನಿಂತು ನೋಡಿ ಹೋಗುತ್ತಿದ್ದಳು. ಅವನು ತನ್ನ ಗ್ರಾಹಕರ ಮನೆಗಳಿಗೂ ಹೋಗಿ ತಪ್ಪು ತನ್ನದೆಂದು ಹೇಳಿದ. ಅರ್ಧ ಜನ ನಕ್ಕರು, ಉಳಿದವರು ಅವನಿಗೆ ವಯಸ್ಸಾಯಿತು ಎಂದುಕೊಂಡರು. ಅದು ಅವಳ ಕಿವಿಗೂ ಬಿದ್ದಿತ್ತು. ಆ ವಿಷಯ ಅವಳು ಎತ್ತಲಿಲ್ಲ.

ಹತ್ತನೆಯ ದಿನ ಹಲಗೆ ನೆಟ್ಟಗಾಗಿತ್ತು. ತಂಗಿ ಒಳಮೈ ಮೇಲೆ ಮಾಡಿ ಮಲಗಿಸಿ, ಅರಗಿನ ಡಬ್ಬಿ ತೆರೆದು, ಹಳೆಯ ಪಟ್ಟಿ ಎಲ್ಲಿ ನಿಂತಿತ್ತೋ ಅಲ್ಲಿಗೇ ಬಟ್ಟೆಯ ಉಂಡೆ ಒತ್ತಿದಳು. ಮುಚ್ಚಳ ಅಲುಗದಿರಲಿ ಎಂದು ಮೇಸ್ತ್ರಿ ಆ ತುದಿಯನ್ನು ಹಿಡಿಯಲು ಹೋದ.

"ಕೈ ತೆಗಿ, ಮೇಸ್ತ್ರಿ" ಎಂದಳು.

ಹುಟ್ಟಿದಾಗಿನಿಂದ ಅವಳು ಅವನನ್ನು ಅಣ್ಣ ಎಂದೇ ಕರೆದವಳು. ಅವನು ಕೈ ತೆಗೆದ. ಚೀಲಕ್ಕೆ ಉಳಿ, ಕೀಸುಳಿ ತುಂಬಿಕೊಂಡು ಶಾಲೆಯ ಮೆಟ್ಟಿಲು ಇಳಿದು ಹೋದ.